ಸೀಮಂತವಲ್ಲ ಅತ್ತೆ, ಸೀಮಾಂತ!



ಹಲಸಿನ ಹಪ್ಪಳದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಒಂದು ಮಾತ್ರ ಹಪ್ಪಳದ್ದಲ್ಲ. ಬೆಳ್ತಂಗಡಿ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಳಂತೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬೇಕು, ಅದಕ್ಕೆ ಪ್ರವೇಶ ಪರೀಕ್ಷೆ ಉಂಟು, ಕೆಲವು ಕಡೆ ಸಂದರ್ಶನವೂ ಉಂಟು ಎನ್ನುತ್ತಾಳಂತೆ. “ನಾನು ಓದಿದ್ದು ಹತ್ತನೇ ತರಗತಿ. ರಾತ್ರಿ ಅವಳಿಗೆ ಹಾಲು ಬಿಸಿ ಮಾಡಿ ಕೊಡುವುದು ಬಿಟ್ಟರೆ ನನ್ನಿಂದ ಎಂತ ಸಹಾಯವಾದೀತು?” ಎಂದು ಕೇಳಿದ್ದಾರೆ.

ಓದಿ ನಗುವೂ ಬಂತು, ಗಂಟಲೂ ಕಟ್ಟಿತು. ನನ್ನ ಓದೂ ಎಸ್ಸೆಸ್ಸೆಲ್ಸಿಗೇ ನಿಂತದ್ದು. ನನ್ನ ಮಗಳೂ ಇದೇ ಪರೀಕ್ಷೆಗೆ ಕೂತವಳು, ಒಂದಲ್ಲ, ಎರಡು ಸಲ. ಹಾಲು ಬಿಸಿ ಮಾಡುವುದು ನಾನೂ ಮಾಡಿದ್ದೇನೆ. ಆದರೆ ಅದಕ್ಕಿಂತ ಹೆಚ್ಚಿನದ್ದೂ ನಮ್ಮಿಂದ ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಬೇಸರ ಮಾಡಬೇಡಿ.

ಮೊದಲ ಸಲ ಅವಳು ಬರೆದದ್ದು 2024ರ ಮಾರ್ಚಿನಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಸೀಟಿಗೆ 2022ರಿಂದ ದೇಶಕ್ಕೆಲ್ಲ ಸೇರಿ ಒಂದೇ ಪರೀಕ್ಷೆ, ಸಿಯುಇಟಿ ಪಿ.ಜಿ. ಅಂತ ಹೆಸರು. ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು. ಅವಳು ಬಿ.ಎ. ಓದಿದ್ದು ಸರ್ಕಾರಿ ಕಾಲೇಜಿನಲ್ಲಿ, ಕನ್ನಡ ಮಾಧ್ಯಮ. ಅರ್ಥಶಾಸ್ತ್ರದಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕು. ಆದರೆ ಈ ಪತ್ರಿಕೆ ಬರುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಮನೆಗೆ ಬಂದವಳು ಬ್ಯಾಗು ಬಿಸಾಡಿ ಹೇಳಿದ ಮಾತು ನೆನಪುಂಟು: “ಅಮ್ಮಾ, ಆಟದಲ್ಲಿ ಬಣ್ಣದ ವೇಷ ಕಟ್ಟಿದ ಮೇಲೆ ನಮ್ಮೂರ ಮಾಸ್ಟ್ರ ಗುರುತೇ ಸಿಗುದಿಲ್ಲ ನೋಡು, ಹಾಗಾಯ್ತು. ಎಲ್ಲ ನಂಗೆ ಗೊತ್ತಿದ್ದವರೇ. ಒಬ್ಬರ ಗುರುತೂ ಹಿಡೀಲಿಕ್ಕೆ ಆಗ್ಲಿಲ್ಲ.”

ಆದರೂ ತೀರಾ ಕೆಟ್ಟ ಮಾರ್ಕು ಬರಲಿಲ್ಲ. ಕೆಟ್ಟದ್ದು ಆಮೇಲೆ. ಮಾರ್ಕು ಬಂದ ಮೇಲೆ ವಿಶ್ವವಿದ್ಯಾಲಯದವರೇ ಕರೆಯುತ್ತಾರೆ ಅಂತ ನಾವು ಕಾದು ಕೂತೆವು. ಹಾಗಲ್ಲವಂತೆ. ಪರೀಕ್ಷೆಯ ಅರ್ಜಿ ಒಂದು, ಅದು ಮುಗಿದ ಮೇಲೆ ಯಾವ ಯಾವ ವಿಶ್ವವಿದ್ಯಾಲಯ ಬೇಕೋ ಅಲ್ಲಲ್ಲಿಗೆ ಮತ್ತೆ ಬೇರೆ ಬೇರೆ ಅರ್ಜಿ ಹಾಕಬೇಕು. ನಮಗೆ ತಿಳಿಯುವಾಗ ತಾರೀಕು ದಾಟಿತ್ತು. ಹೇಳುವವರಿರಲಿಲ್ಲ, ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಪತ್ರ ಬರೆದ ಸೋದರಿ ಬೇರೆ ಎಲ್ಲ ಮರೆತರೂ ಇದೊಂದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಹಾಗೆ ಮಗಳು ಒಂದು ವರ್ಷ ಮನೆಯಲ್ಲಿ ಉಳಿದಳು. ಬಂಟ್ವಾಳ ಪೇಟೆಯಲ್ಲಿ ನಮ್ಮವರದ್ದು ಸಣ್ಣ ದಿನಸಿ ಅಂಗಡಿ. ಬೆಳಿಗ್ಗೆ ಅಲ್ಲಿ ಉದ್ರಿ ಪುಸ್ತಕ ಬರೆಯುವುದು, ಮಧ್ಯಾಹ್ನ ಓದು, ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್. ಡಿಗ್ರಿ ಮುಗಿಸಿದ ಹುಡುಗಿ ಅಂಗಡಿಯಲ್ಲಿ ಕೂತರೆ ಊರಿನವರ ಕಣ್ಣಿಗೆ ಬೀಳದೆ ಇರುತ್ತದಾ? “ಇನ್ನೂ ಎಂತ ಓದುದು?” ಅಂತ ಅಕ್ಕಿ ಕೊಳ್ಳಲು ಬಂದವರೂ ಕೇಳುವವರೇ.

ಈಗ ಸೀಮಂತದ ಕಥೆ. ಆ ವರ್ಷ ಆಟಿಯ ಒಂದು ಸಂಜೆ, ಹೊರಗೆ ಜೋರು ಮಳೆ. ಅತ್ತೆಯವರು ಜಗಲಿಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಇವಳು ದೊಡ್ಡ ಸ್ವರದಲ್ಲಿ “ಸೀಮಾಂತ ತುಷ್ಟಿಗುಣ, ಸೀಮಾಂತ ತುಷ್ಟಿಗುಣ” ಎಂದು ಬಾಯಿಪಾಠ ಮಾಡುತ್ತಿದ್ದಳು. ಅತ್ತೆಗೆ ಕಿವಿ ಸ್ವಲ್ಪ ಮಂದ. ಸೊಪ್ಪು ಕೆಳಗಿಟ್ಟು, “ಯಾರದ್ದು ಸೀಮಂತ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ!” ಎಂದರು. ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಕೇಳಿದೆ: “ನಗುದು ಇರಲಿ ಮಗಾ, ಈ ಸೀಮಾಂತ ಅಂದ್ರೆ ಎಂತ? ಅಜ್ಜಿಗೆ ಗೊತ್ತಾಗುವ ಹಾಗೆ ಹೇಳು ನೋಡುವಾ.”

ಅವಳು ಪುಸ್ತಕದಲ್ಲಿದ್ದದ್ದನ್ನು ಗಳಗಳ ಹೇಳಿದಳು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಕನ್ನಡದಲ್ಲೇ ಹೇಳಿದ್ದು, ನಮಗಿಬ್ಬರಿಗೂ ಒಂದಕ್ಷರ ತಲೆಗೆ ಹೋಗಲಿಲ್ಲ. ಮತ್ತೊಮ್ಮೆ ಹೇಳು ಎಂದೆ. ಅದನ್ನೇ ಹೇಳಿದಳು, ಸ್ವಲ್ಪ ನಿಧಾನವಾಗಿ. ಮೂರನೇ ಸಲ ಕೇಳಿದಾಗ ಸುಮ್ಮನಾದಳು. ಆ ಸುಮ್ಮನಿರುವಿಕೆಯಲ್ಲಿ ನನಗೆ ಗೊತ್ತಾಯಿತು, ಕಷ್ಟ ಇಂಗ್ಲಿಷಿನದ್ದು ಮಾತ್ರ ಅಲ್ಲ ಅಂತ.

ರಾತ್ರಿ ನೀರುದೋಸೆ ಹೊಯ್ಯುತ್ತಿದ್ದೆ. ಅವಳು ತಿನ್ನುತ್ತಾ ತಿನ್ನುತ್ತಾ ಆರನೇ ದೋಸೆಗೆ ಕೈ ಅಡ್ಡ ಇಟ್ಟಳು. ಇಟ್ಟವಳು ಹಾಗೇ ನಿಂತಳು. “ಅಮ್ಮಾ, ಇದೇ! ಮೊದಲನೇ ದೋಸೆಗೆ ಇದ್ದ ಆಸೆ ಎರಡನೇದ್ದಕ್ಕೆ ಇಲ್ಲ, ಐದನೇದ್ದಕ್ಕೆ ಇಲ್ಲವೇ ಇಲ್ಲ. ಒಂದು ದೋಸೆ ಹೆಚ್ಚು ತಿಂದ್ರೆ ಸಿಗುವ ಹೆಚ್ಚಿನ ತೃಪ್ತಿ ಉಂಟಲ್ಲ, ಅದು ಸೀಮಾಂತ.” ಅತ್ತೆ ಅಲ್ಲಿಂದಲೇ, “ಇದಕ್ಕೆ ಪುಸ್ತಕ ಬೇಕಾ?” ಎಂದರು.

ಮರುದಿನದಿಂದ ಮನೆಯಲ್ಲಿ ಒಂದು ನಿಯಮವಾಯಿತು. ನಾನು ಸಂಜೆ ತೆಂಗಿನಕಾಯಿ ತುರಿಯುವ ಹೊತ್ತಿಗೆ ಅವಳು ಒಂದು ಪಾಠ ಹೇಳಬೇಕು. ಕೈಯಲ್ಲಿ ಪುಸ್ತಕ ಇರಬಾರದು. ನನಗೋ ಅತ್ತೆಗೋ ಅರ್ಥವಾಗದಿದ್ದರೆ ಪಾಠ ಮುಗಿಯಲಿಲ್ಲ ಅಂತ ಲೆಕ್ಕ. ನಾವು ಕೇಳುವ ಪ್ರಶ್ನೆಗೆ ನಗಬಾರದು.

ನಾವು ಕೇಳಿದ ಪ್ರಶ್ನೆಗಳಾದರೂ ಎಂತಹವು! ಮೀನಿನದ್ದೇ ನೋಡಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಕಡಿಮೆ, ಕ್ರಯ ಆಕಾಶಕ್ಕೆ. ಅದು ಪೂರೈಕೆಯ ಗೆರೆಯೇ ಎಡಕ್ಕೆ ಸರಿಯುವುದಂತೆ. “ಬಂಗುಡೆ ಕ್ರಯ ಏರಿತು ಅಂತ ನಾನು ಬೂತಾಯಿ ತಂದೆ. ಈಗ ಬಂಗುಡೆಯ ಗೆರೆಗೆ ಎಂತಾಯ್ತು, ಬೂತಾಯಿಯ ಗೆರೆಗೆ ಎಂತಾಯ್ತು?” ಎಂದು ಕೇಳಿದೆ. ಅವಳು ತಪ್ಪು ಮಾಡುತ್ತಿದ್ದದ್ದೇ ಅಲ್ಲಿ. ಬಂಗುಡೆಯ ಬೇಡಿಕೆಯ ಗೆರೆ ಇದ್ದಲ್ಲೇ ಇರುತ್ತದೆ, ನಾವು ಅದರ ಮೇಲೆ ಜಾರುತ್ತೇವೆ. ಬೂತಾಯಿಯ ಬೇಡಿಕೆಯ ಗೆರೆ ಮಾತ್ರ ಇಡೀ ಬಲಕ್ಕೆ ಸರಿಯುತ್ತದೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆದು ತೋರಿಸಿದಳು. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಈ ಜಾರುವುದು, ಸರಿಯುವುದು ತಿರುಗಿಸಿ ತಿರುಗಿಸಿ ಬರುತ್ತದೆ ಎಂದಳು.

ತೆಂಗಿನಕಾಯಿಯ ಪಾಠಕ್ಕೆ 2025ರಷ್ಟು ಒಳ್ಳೆಯ ವರ್ಷ ಇನ್ನೊಂದಿಲ್ಲ. ಕ್ರಯ ಏರಿದ್ದೇ ಏರಿದ್ದು. ಅರ್ಧ ಕಡಿ ಹಾಕುವಲ್ಲಿ ಕಾಲು ಕಡಿಗಿಂತ ಸ್ವಲ್ಪ ಹೆಚ್ಚು ಹಾಕಿದೆವು, ಆದರೆ ಬಿಟ್ಟೆವಾ? ನಮ್ಮ ಊರಿನಲ್ಲಿ ಕಾಯಿ ಅರೆಯದೆ ಪದಾರ್ಥ ಉಂಟಾ! ಅದೇ ಅಂಗಡಿಯಲ್ಲಿ ಸೇಬಿನ ಕ್ರಯ ಏರಿದರೆ ಸೇಬು ಬುಟ್ಟಿಯಲ್ಲೇ ಬಾಡುತ್ತದೆ. ಇದಕ್ಕೆ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ಹೆಸರು, ಉಚ್ಚಾರ ಮಾಡುವಾಗ ಹಲ್ಲು ಜೋಪಾನ. ಗುರುತು ಹಿಡಿಯಲು ಅವಳು ಹೇಳಿಕೊಟ್ಟ ಉಪಾಯ ಸುಲಭದ್ದು. ಕ್ರಯ ಏರಿದ ಮೇಲೆ ಆ ವಸ್ತುವಿಗೆ ಮಾಡುವ ಒಟ್ಟು ಖರ್ಚು ಕೂಡ ಏರಿದರೆ ಅದು ಒಂದಕ್ಕಿಂತ ಕಡಿಮೆ; ಒಟ್ಟು ಖರ್ಚು ಇಳಿದರೆ ಒಂದಕ್ಕಿಂತ ಹೆಚ್ಚು. ನನ್ನ ಮನೆಖರ್ಚಿನ ಪುಸ್ತಕ ತೆಗೆದು ನೋಡಿದೆ. ತೆಂಗಿನಕಾಯಿ ಒಂದಕ್ಕಿಂತ ಕಡಿಮೆಯೇ.

ಇನ್ನು ಮೂಡಬಿದಿರೆಯಲ್ಲಿರುವ ನನ್ನ ಅಕ್ಕ. ಮದುವೆಯಾದಂದಿನಿಂದ ಬೀಡಿ ಕಟ್ಟುತ್ತಾಳೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಕಟ್ಟಿದ ಬೀಡಿ ಕೊಡುವುದು, ಸಾವಿರಕ್ಕೆ ಇಷ್ಟು ಅಂತ ಮಜೂರಿ. ಯಾರ ಮನೆಯ ಪೂಜೆಗೆ ಕರೆದರೂ ಹೋಗುತ್ತಾಳೆ, ಬಂದು ಕೂತ ಕೂಡಲೇ “ಇವತ್ತು ಐನೂರು ಬೀಡಿ ಹೋಯ್ತು” ಎನ್ನುತ್ತಾಳೆ. ನಾವೆಲ್ಲ ಅದನ್ನು ಜಿಪುಣತನ ಅಂತ ತಮಾಷೆ ಮಾಡುತ್ತಿದ್ದೆವು. ಮಗಳು ಹೇಳಿದಳು: “ನೀನು ಪೂಜೆಗೆ ಹೋದ್ರೆ ನಿಂಗೆ ಬಸ್ಸಿನ ಖರ್ಚು ಮಾತ್ರ ಕಾಣ್ತದೆ. ದೊಡ್ಡಮ್ಮನಿಗೆ ಬಸ್ಸಿನ ಖರ್ಚು, ಮೇಲಿಂದ ಐನೂರು ಬೀಡಿಯ ಮಜೂರಿ. ಅದಕ್ಕೇ ಅವಕಾಶ ವೆಚ್ಚ ಅನ್ನುದು. ದೊಡ್ಡಮ್ಮ ಬೀಡಿಯಲ್ಲಿ ಲೆಕ್ಕ ಹಾಕ್ತಾಳೆ, ನಾವು ಹಾಕುದೇ ಇಲ್ಲ.” ಅಂದಿನಿಂದ ನಾನು ಅಕ್ಕನನ್ನು ತಮಾಷೆ ಮಾಡುವುದು ಬಿಟ್ಟಿದ್ದೇನೆ.

ಇಂಗ್ಲಿಷಿಗೆ ಏನು ಮಾಡಿದೆವು ಅಂತ ಕೇಳುತ್ತೀರಿ. ಇನ್ನೂರು ಪುಟದ ಒಂದು ಪುಸ್ತಕ ತಂದು ನಡುವೆ ಗೆರೆ ಎಳೆದೆವು. ಎಡಕ್ಕೆ ಕನ್ನಡದ ಶಬ್ದ, ಬಲಕ್ಕೆ ಇಂಗ್ಲಿಷಿನದ್ದು, ಕೆಳಗೆ ಒಂದು ಸಾಲು ಮನೆಯ ಉದಾಹರಣೆ. ಸೀಮಾಂತದ ಎದುರು ಮಾರ್ಜಿನಲ್, ಕೆಳಗೆ ನೀರುದೋಸೆ. ಅದರಿಂದ ಅವಳು ಒಂದೊಂದು ದಿನ ಹತ್ತು ಶಬ್ದ ಕಲಿತಳು. ರಾತ್ರಿ ನಾನು ಕನ್ನಡ ಓದುವುದು, ಅವಳು ಇಂಗ್ಲಿಷ್ ಹೇಳುವುದು. ಇದಕ್ಕೆ ಅಮ್ಮನಿಗೆ ಎಂ.ಎ. ಬೇಕಾಗಿಲ್ಲ.

ನಾನು ಉಪಯೋಗಕ್ಕೆ ಬಾರದ್ದು ಗಣಿತದಲ್ಲಿ. ಎಂ.ಎ. ಅರ್ಥಶಾಸ್ತ್ರದ ಪ್ರವೇಶ ಪರೀಕ್ಷೆ ಅಂದರೆ ಬಾಯಿಪಾಠ ಅಂತ ತಿಳಿಯಬೇಡಿ. ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಭಾರತದ ಅರ್ಥವ್ಯವಸ್ಥೆ, ಇವುಗಳ ಜೊತೆಗೆ ಸಂಖ್ಯಾಶಾಸ್ತ್ರ ಮತ್ತು ಗಣಿತ ಉಂಟು. ಪಿ.ಯು.ಸಿ.ಯಲ್ಲಿ ಆರ್ಟ್ಸ್ ತೆಗೆದುಕೊಂಡವಳಿಗೆ ಗಣಿತ ಎಸ್ಸೆಸ್ಸೆಲ್ಸಿಯಲ್ಲೇ ತಪ್ಪಿತ್ತು. ಪಕ್ಕದ ಮನೆಯ ಹುಡುಗ ಎರಡನೇ ಪಿ.ಯು.ಸಿ. ಸೈನ್ಸ್. ಅವನು ಇವಳಿಗೆ ಡಿಫರೆನ್ಷಿಯೇಶನ್ ಹೇಳಿಕೊಡುವುದು, ಇವಳು ಅವನಿಗೆ ಕನ್ನಡ ಪದ್ಯದ ಸಾರಾಂಶ ಬರೆದುಕೊಡುವುದು. ತನಗಿಂತ ನಾಲ್ಕೈದು ವರ್ಷ ಚಿಕ್ಕವನ ಹತ್ತಿರ ಕಲಿಯಲು ಮೊದಮೊದಲು ನಾಚಿದಳು. ಒಂದು ದಿನ ಓಡಿ ಬಂದು, “ಅಮ್ಮಾ, ಸೀಮಾಂತ ಅಂದ್ರೆ ಡಿಫರೆನ್ಷಿಯೇಶನ್ನೇ!” ಎಂದಳು. ನನಗೆ ಗೊತ್ತಾಗಲಿಲ್ಲ, ಆದರೆ ಅವಳ ಮುಖ ನೋಡಿ ಒಳ್ಳೆಯ ಸುದ್ದಿ ಅಂತ ಗೊತ್ತಾಯಿತು. 11 ಮತ್ತು 12ನೇ ತರಗತಿಯ ಎನ್.ಸಿ.ಇ.ಆರ್.ಟಿ. ಗಣಿತ ಪುಸ್ತಕ, ಸಂಖ್ಯಾಶಾಸ್ತ್ರದ ಪುಸ್ತಕ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳೂ ಸಿಗುತ್ತವೆ. ಕೋಚಿಂಗಿಗೆ ಅಂತ ಬೆಂಗಳೂರಿಗೆ ಕಳಿಸುವ ಮೊದಲು ಇಷ್ಟನ್ನು ಮುಗಿಸಲಿ ಎಂದು ನನ್ನ ಅಭಿಪ್ರಾಯ.

2025ರ ಪರೀಕ್ಷೆಯಲ್ಲಿ 75 ಪ್ರಶ್ನೆ, 90 ನಿಮಿಷ. ಲೆಕ್ಕ ಹಾಕಿದರೆ ಒಂದಕ್ಕೆ 72 ಸೆಕೆಂಡು. ನಮ್ಮಲ್ಲಿ ಈಗಲೂ ಕುಚ್ಚಲಕ್ಕಿ ಅನ್ನ ಕಟ್ಟಿಗೆ ಒಲೆಯಲ್ಲೇ. ಅಕ್ಕಿ ತೊಳೆದು ಮಡಕೆಗೆ ಹಾಕಿದ ಕೂಡಲೇ ಅವಳು ಹಳೆಯ ಪತ್ರಿಕೆ ಹಿಡಿದು ಕೂರುವುದು, ಗಂಜಿ ಬಸಿಯುವಾಗ ಏಳುವುದು. ಗಡಿಯಾರ ಇಲ್ಲವೆಂದಲ್ಲ. ಆದರೆ ಒಲೆಯ ಮುಂದೆ ಕೂತವಳು ನಾನು, ನಡುವೆ ಮೊಬೈಲ್ ನೋಡಲಿಕ್ಕೆ ಬಿಡಬೇಕಲ್ಲ!

ಸರಿಯಾದ ಉತ್ತರಕ್ಕೆ 4 ಮಾರ್ಕು, ತಪ್ಪಿದರೆ 1 ಮಾರ್ಕು ಕಡಿತ. “ಗೊತ್ತಿಲ್ಲದ್ದನ್ನು ಮುಟ್ಟಲೇಬೇಡ” ಎಂದು ನಾನು ಹೆದರಿಸಿದ್ದೆ. ಅವಳು ಅತ್ತೆಯ ಚೆನ್ನೆಮಣೆಯ ಮಂಜೊಟ್ಟಿ ಕಾಯಿ ತಂದು ನೆಲದಲ್ಲಿ ಹರಡಿದಳು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಕಣ್ಣುಮುಚ್ಚಿ ಗುರುತು ಹಾಕಿದರೆ ನಾಲ್ಕು ಪ್ರಶ್ನೆಯಲ್ಲಿ ಸರಾಸರಿ ಒಂದು ಸರಿ. ಬಂದದ್ದು ನಾಲ್ಕು ಕಾಯಿ, ಹೋದದ್ದು ಮೂರು. ಒಂದು ಕಾಯಿ ಉಳಿಯಿತು! ಇನ್ನು ಎರಡು ಉತ್ತರ ತಪ್ಪು ಅಂತ ಖಂಡಿತ ಗೊತ್ತಿದ್ದರೆ, ಎರಡು ಪ್ರಶ್ನೆಗೆ ಒಂದು ಸರಿ, ಮೂರು ಕಾಯಿ ಲಾಭ. “ಹಾಗಾದರೆ ಬಿಡುವುದೇ ನಷ್ಟ” ಎಂದಳು. ಅತ್ತೆ ಎಷ್ಟೋ ವರ್ಷದಿಂದ ಚೆನ್ನೆ ಆಡಿದವರು, ಕೂಡಲೇ ಒಪ್ಪಿದರು. ನಾನು ಎರಡು ಸಲ ಎಣಿಸಿ ಒಪ್ಪಿದೆ. ಆದರೆ ಇದು ಸರಾಸರಿಯ ಲೆಕ್ಕ, ಒಂದು ದಿನದ ಅದೃಷ್ಟ ಬೇರೆ. ಮತ್ತೆ ಕಣ್ಣುಮುಚ್ಚುವುದೆಲ್ಲ ಕೊನೆಯ ಐದು ನಿಮಿಷಕ್ಕೆ. ಮೊದಲೇ ಶುರುಮಾಡಿದರೆ ಗೊತ್ತಿದ್ದದ್ದಕ್ಕೆ ಸಮಯ ಸಿಗುವುದಿಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅಮ್ಮಂದಿರು ಸುಲಭವಾಗಿ ನೋಡಿಕೊಳ್ಳಬಹುದಾದದ್ದು ಅದೇ. ಆಧಾರ್‌ನಲ್ಲಿರುವ ಹೆಸರು ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ನಮ್ಮ ಕಡೆ ಇನಿಶಿಯಲ್ ಹಿಂದೆ ಮುಂದೆ ಆಗಿರುವುದು ಸಾಮಾನ್ಯ, ಈಗಲೇ ತೆಗೆದು ನೋಡಿ. ಹಿಂದುಳಿದ ವರ್ಗದವರು ಗಮನಿಸಿ: ನಮ್ಮ ರಾಜ್ಯದ 2ಎ, 3ಬಿ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ, ಕೇಂದ್ರದ ನಮೂನೆಯ ಒ.ಬಿ.ಸಿ. ಸರ್ಟಿಫಿಕೇಟು ಬೇರೆ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಅದನ್ನೂ ಕೇಳಿ ತಿಳಿಯಿರಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಉಂಟು. ನಮ್ಮ ಮೂರೂ ತಾಲೂಕುಗಳಲ್ಲಿ ಎಷ್ಟು ಮನೆಯವರು ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ! ಪರೀಕ್ಷೆಯ ಅರ್ಜಿ ಹೊಸವರ್ಷದ ಆಸುಪಾಸಿಗೆ ಶುರುವಾಗುತ್ತದೆ, ತಾರೀಕು ವರ್ಷ ವರ್ಷ ಬದಲಾಗುತ್ತದೆ.

ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆ ಬಂದಾಗ ನಮ್ಮವರು, “ಕೊಣಾಜೆ ಇಲ್ವಾ? ಬೆಳಿಗ್ಗೆ ಹೋಗಿ ಸಂಜೆ ಬರಬಹುದು” ಎಂದರು. ತಪ್ಪು ಮಾತಲ್ಲ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಅದು ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಎಂ.ಎ. ಮಾಡುತ್ತಲೇ ಇರಲಿಲ್ಲ. ಅಲ್ಲಿಗೂ ಅರ್ಜಿ ಹಾಕಿದಳು. ಆದರೆ ಅವಳ ಮನಸ್ಸಿನಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಇತ್ತು. 1949ರಲ್ಲಿ ಅದನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆಯನ್ನೂ ಕಟ್ಟಿದವರು, ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು. ಇನ್ನು ಕಲಬುರಗಿಯ ಹತ್ತಿರ ಕರ್ನಾಟಕದ ಕೇಂದ್ರೀಯ ವಿಶ್ವವಿದ್ಯಾಲಯ. ನಮಗೆಲ್ಲ ಹತ್ತಿರದ್ದು, ಆದರೆ ಹೆಚ್ಚಿನವರಿಗೆ ನೆನಪಿಗೇ ಬಾರದ್ದು, ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ. ಮಂಗಳೂರಿನಿಂದ ರೈಲಿನಲ್ಲಿ ಕಾಞಂಗಾಡಿಗೆ ಹೋದರೆ ಅಲ್ಲಿಂದ ಬಸ್ಸು. ಬೆಂಗಳೂರಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷೆ ಬೇರೆ, ಅದರ ಮೇಲೆ ಸಂದರ್ಶನ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ಸಹಾಯವೂ ಉಂಟು.

ಇದರ ನಡುವೆಯೇ ಒಂದು ಸಂಬಂಧ ಬಂತು. ಹುಡುಗ ಮಸ್ಕತ್‌ನಲ್ಲಿ. ಒಳ್ಳೆಯ ಮನೆತನ, ಕೇಳುವುದು ಕೊಡುವುದು ಏನಿಲ್ಲ, ಆದರೆ ಮೇ ತಿಂಗಳಲ್ಲಿ ರಜೆಗೆ ಬಂದಾಗಲೇ ಮದುವೆ ಆಗಬೇಕು. ಅತ್ತೆಯವರಿಗೆ ಬಹಳ ಇಷ್ಟ. ನಮ್ಮವರು ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮಗಳು ಏನೂ ಹೇಳದೆ ಅಂಗಡಿಗೆ ಹೋಗಿ ಉದ್ರಿ ಪುಸ್ತಕ ಬರೆದಳು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ ಉಂಟು, ಫಸ್ಟ್ ಕ್ಲಾಸು. ಆಗ ನನ್ನನ್ನು ಕೇಳುವ ಕ್ರಮ ಇರಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೆ ಈಗ ಯಾರ ಮೇಲೂ ಸಿಟ್ಟಿಲ್ಲ. ಆ ರಾತ್ರಿ ಊಟ ಬಡಿಸುತ್ತಾ ನಾನೇ ಹೇಳಿದೆ: “ಈ ಸಲದ ಪರೀಕ್ಷೆ ಆಗಲಿ. ಮೇ ತಿಂಗಳಲ್ಲೇ ಆಗಬೇಕು ಅನ್ನುವವರಿಗೆ ನಮ್ಮ ಹುಡುಗಿ ಬೇಡ.” ಸ್ವರ ನಡುಗಿತು. ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಸಂಜೆ ತಾವೇ ಬಂದು, “ಇವತ್ತಿನ ಪಾಠ ಎಂತದು?” ಎಂದು ಕೂತರು.

ಮಾರ್ಚಿನಲ್ಲಿ ಪರೀಕ್ಷೆ ಬರೆದಳು. ಬೆಳಿಗ್ಗೆ ಗಂಜಿ, ಚಟ್ನಿ, ಒಂದು ತುಂಡು ಬೆಲ್ಲ. ಪರೀಕ್ಷೆಯ ದಿನ ಪೂರಿ ಬಜ್ಜಿ ಮಾಡಿ ಹೊಟ್ಟೆ ಭಾರ ಮಾಡುವ ಅಮ್ಮಂದಿರನ್ನು ನೋಡಿದ್ದೇನೆ, ಬೇಡ.

ಬೆಂಗಳೂರಿನ ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಮನೆಯಲ್ಲಿ ಯಾರೂ ಸಂದರ್ಶನ ಎಂಬುದನ್ನು ನೋಡಿದವರಲ್ಲ. ಅಕ್ಕನ ಮನೆಯ ಹತ್ತಿರ ನಿವೃತ್ತ ಉಪನ್ಯಾಸಕರೊಬ್ಬರಿದ್ದಾರೆ, ಅವರಲ್ಲಿಗೆ ಮೂಡಬಿದಿರೆಗೆ ಕರೆದುಕೊಂಡು ಹೋದೆ. ಅವರು ಮಾಲ್ತಸ್, ಕೇನ್ಸ್ ಕೇಳಬಹುದು ಅಂತ ಇವಳು ತಯಾರಾಗಿದ್ದಳು. ಅವರ ಮೊದಲ ಪ್ರಶ್ನೆ: “ಇಲ್ಲಿ ಸಾವಿರ ಕಂಬದ ಬಸದಿ ನೋಡಿದ್ದಿಯಲ್ಲ, 1430ರಲ್ಲಿ ಕಟ್ಟಿದ್ದು. ಅಷ್ಟು ಕಂಬ ನಿಲ್ಲಿಸಲಿಕ್ಕೆ ದುಡ್ಡು ಎಲ್ಲಿಂದ ಬಂತು?” ಇವಳು ಬಾಯಿ ಬಿಟ್ಟಳು. ಕರಾವಳಿಯ ಅಕ್ಕಿ, ಕಾಳುಮೆಣಸಿನ ವ್ಯಾಪಾರ, ಜೈನ ಸೆಟ್ಟಿಗಳ ದಾನ, ಎಲ್ಲ ಅವರೇ ಹೇಳಿದರು. ಎರಡನೇ ಪ್ರಶ್ನೆ: “ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಇಷ್ಟೊಂದು ಬ್ಯಾಂಕು ಯಾಕೆ ಹುಟ್ಟಿತು?” 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇವುಗಳಲ್ಲಿ ಈಗ ಹಳೆಯ ಹೆಸರಿನಲ್ಲಿ ಉಳಿದದ್ದು ಎರಡೇ, 2019 ಮತ್ತು 2020ರಲ್ಲಿ ಉಳಿದವು ಬೇರೆಯದರಲ್ಲಿ ಸೇರಿಹೋದವು. ಸಿಂಡಿಕೇಟಿನವರು 1928ರಲ್ಲಿ ಶುರುಮಾಡಿದ ಪಿಗ್ಮಿ, ಮನೆಮನೆಗೆ ಬಂದು ಪುಡಿಕಾಸು ಒಟ್ಟುಮಾಡುವುದು, ಅದನ್ನು ನನ್ನ ಅಕ್ಕನಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಮೂರನೇ ಪ್ರಶ್ನೆಗೆ ನಾನೇ ಬಾಯಿ ಹಾಕಿದೆ. ಭೂಸುಧಾರಣೆಯಿಂದ ನಮ್ಮ ಜಿಲ್ಲೆಗೆ ಏನಾಯಿತು ಎಂದರು. ಬೆಳ್ತಂಗಡಿ ತಾಲೂಕಿನಲ್ಲಿರುವ ನನ್ನ ತವರುಮನೆ ನಿಂತದ್ದೇ ಅದರ ಮೇಲೆ. ನನ್ನ ಅಜ್ಜ ಚಾಲಗೇಣಿ ಒಕ್ಕಲು. ವರ್ಷ ವರ್ಷ ಧಣಿಗಳ ಮನೆಗೆ ಮುಡಿ ಅಕ್ಕಿ ಹೊತ್ತವರು. 1974ರ ಕಾನೂನು ಬಂದ ಮೇಲೆ ಫಾರಂ 7 ತುಂಬಿಸಿ ಡಿಕ್ಲರೇಶನ್ ಕೊಟ್ಟರು, ಜಾಗ ಅವರ ಹೆಸರಿಗಾಯಿತು. ಆಮೇಲೆ ಗದ್ದೆಯ ಬದಿಗೆ ಅಡಿಕೆ ಬಂತು, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊಗೆ ಅಡಿಕೆ ಹೋಯಿತು, ಮಕ್ಕಳು ಶಾಲೆಗೆ ಹೋದರು. ನಾನು ಹೇಳಿ ಮುಗಿಸುವಾಗ ಮಗಳು ನನ್ನನ್ನೇ ನೋಡುತ್ತಿದ್ದಳು. “ಇದನ್ನೆಲ್ಲ ನೀನು ನಂಗೆ ಹೇಳಿಯೇ ಇಲ್ಲ” ಎಂದಳು. ಕೇಳಿದರೆ ತಾನೇ!

ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಹೋದೆವು, ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಟಿಕೆಟಿಲ್ಲ. ನಾನು ಹೊರಗೆ ಬೆಂಚಿನಲ್ಲಿ ಕೂತೆ. ಒಳಗೆ ನಡೆದದ್ದನ್ನು ಅವಳು ವಾಪಸು ಬರುವಾಗ ಹೇಳಿದಳು. ಒಂದು ವರ್ಷ ಏನು ಮಾಡಿದೆ ಎಂದು ಕೇಳಿದರಂತೆ. ನಾವೆಲ್ಲ ಹೆದರಿದ್ದ ಪ್ರಶ್ನೆ ಅದೇ. ಅಪ್ಪನ ಅಂಗಡಿಯಲ್ಲಿ ಉದ್ರಿ ಬರೆದೆ ಎಂದಳಂತೆ. ಬೀಡಿಯವರ ಸಾಲ ಮಜೂರಿ ಸಿಕ್ಕಿದ ವಾರ ತೀರುತ್ತದೆ, ಅಡಿಕೆಯವರದ್ದು ವರ್ಷಕ್ಕೊಮ್ಮೆ; ಎರಡೂ ಮುಳುಗುವುದು ಕಡಿಮೆ. ಮುಳುಗುವುದು ಯಾರಾದರೂ ಆಸ್ಪತ್ರೆ ಸೇರಿದಾಗ. ಅಂತಹವರಿಗೆ ಅಪ್ಪ ಕೇಳುವುದೂ ಇಲ್ಲ ಎಂದಳಂತೆ. ಅವರು ಪೆನ್ನು ಕೆಳಗಿಟ್ಟು ಅದನ್ನೇ ತುಂಬ ಹೊತ್ತು ಕೇಳಿದರಂತೆ.

ಆಮೇಲೆ, “ತಾಯಿ ಏನು ಮಾಡುತ್ತಾರೆ?” “ಗೃಹಿಣಿ.” “ಅವರ ಕೆಲಸ ರಾಷ್ಟ್ರೀಯ ಆದಾಯದಲ್ಲಿ ಸೇರುತ್ತದಾ?” ಸೇರುವುದಿಲ್ಲ ಎಂದಳಂತೆ. ಪಿಗೂ ಎಂಬ ಇಂಗ್ಲಿಷ್ ಪಂಡಿತ ನೂರು ವರ್ಷದ ಹಿಂದೆಯೇ ಇದನ್ನು ತೋರಿಸಿದ್ದಾನಂತೆ: ಮನೆಗೆಲಸದವಳಿಗೆ ಸಂಬಳ ಕೊಟ್ಟರೆ ದೇಶದ ಆದಾಯಕ್ಕೆ ಸೇರುತ್ತದೆ, ಅವಳನ್ನೇ ಮದುವೆಯಾದರೆ ಆದಾಯ ಕಡಿಮೆಯಾಗುತ್ತದೆ! 2024ರ ಸಮಯ ಬಳಕೆ ಸಮೀಕ್ಷೆಯ ಲೆಕ್ಕವನ್ನೂ ಹೇಳಿದಳು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. “ಹಾಗಾದರೆ ಅದಕ್ಕೆ ಬೆಲೆ ಹೇಗೆ ಕಟ್ಟುತ್ತೀ?” ಎಂದರಂತೆ. ಎರಡು ದಾರಿ ಉಂಟು. ಆ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಕೊಡಬೇಕಾದ ಸಂಬಳ, ಇಲ್ಲವೇ ಅಮ್ಮ ಆ ಹೊತ್ತಿನಲ್ಲಿ ಬೇರೆ ಕಡೆ ದುಡಿದಿದ್ದರೆ ಸಿಗುತ್ತಿದ್ದ ಸಂಬಳ. ಎರಡನೆಯದನ್ನು ದೊಡ್ಡಮ್ಮನ ಬೀಡಿ ಮಜೂರಿಯಲ್ಲಿ ಹಾಕಿ ತೋರಿಸಬಹುದು, “ಆದರೆ ಅಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು, ಅವರು ಮುಂದೆ ಓದಿದ್ದರೆ ಎಷ್ಟು ಅಂತ ನನಗೆ ಲೆಕ್ಕ ಹಾಕಲು ಬರುವುದಿಲ್ಲ” ಎಂದಳಂತೆ.

ಸೀರೆಯ ಅಡಿಯ ಆ ಕಾಗದವನ್ನು ಇವಳು ಯಾವಾಗ ನೋಡಿದಳೋ. ಶಿರಾಡಿ ಘಾಟಿ ಇಳಿಯುವ ತನಕ ನಾನು ಕಿಟಕಿಯ ಹೊರಗೇ ನೋಡಿದೆ.

ಅಲ್ಲಿ ಸೀಟು ಸಿಗಲಿಲ್ಲ. ಕಾಯುವ ಪಟ್ಟಿಯಲ್ಲಿ ಹೆಸರು ಬಂತು, ಪಟ್ಟಿ ಮುಂದೆ ಹೋಗಲಿಲ್ಲ. ದೆಹಲಿಗೆ ಮಾರ್ಕು ಸಾಲಲಿಲ್ಲ. ಪೆರಿಯದಲ್ಲಿ ಸಿಕ್ಕಿತು. ಈ ಸಲ ಅಲ್ಲಲ್ಲಿಗೆ ಬೇರೆ ಬೇರೆ ಅರ್ಜಿ ಹಾಕಿದ್ದೆವಲ್ಲ! ಹಾಸ್ಟೆಲಿಗೆ ಬಿಟ್ಟು ಬರುವ ದಿನ ಅತ್ತೆಯವರು ಅವಳ ಪೆಟ್ಟಿಗೆಯಲ್ಲಿ ಚೆನ್ನೆಮಣೆ ಇಟ್ಟರು.

ಹೋದ ವಾರ ಫೋನ್ ಮಾಡಿದಳು. ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟಿದ್ದಾರಂತೆ. ಮನೆಯ ಹೆಂಗಸೊಬ್ಬಳು ಬೆಳಿಗ್ಗೆ ಎದ್ದಲ್ಲಿಂದ ಮಲಗುವ ತನಕ ಅರ್ಧರ್ಧ ಗಂಟೆಗೆ ಏನು ಮಾಡುತ್ತಾಳೆ ಅಂತ ಬರೆದಿಡಬೇಕಂತೆ. “ನೀನೇ ಬರಿ ಅಮ್ಮಾ, ನಾಳೆ ಒಂದು ದಿನ ಸಾಕು.” ಸರಿ ಅಂತ ಪೆನ್ಸಿಲು, ಕಾಗದ ಒಲೆಯ ಬದಿಗೆ ಇಟ್ಟುಕೊಂಡೆ. ಐದೂಕಾಲಿಗೆ ಎದ್ದೆ, ಬಚ್ಚಲ ಒಲೆಗೆ ಬೆಂಕಿ ಹಾಕಿದೆ ಎಂದು ಬರೆದೆ. ರಾತ್ರಿ ಅವಳು ಮತ್ತೆ ಫೋನ್ ಮಾಡಿ “ಬರೆದಿಯಾ?” ಎಂದು ಕೇಳುವಾಗ ನೋಡಿದರೆ ಕಾಗದದಲ್ಲಿ ಅದೊಂದೇ ಸಾಲು. ಬರೆಯಲು ಪುರುಸೊತ್ತೇ ಆಗಿರಲಿಲ್ಲ. “ಅದನ್ನೇ ಫೋಟೋ ತೆಗೆದು ಕಳಿಸು” ಎಂದಳು.

ಬೆಳ್ತಂಗಡಿಯ ಸೋದರಿ, ಮಗಳು ಹಾಸ್ಟೆಲಿಗೆ ಹೋಗುವ ದಿನ ಬಂದರೆ ತಿಂಗಳು ಕೆಡದ ಹುರುಳಿ ಚಟ್ನಿಪುಡಿ ಬೇಕಾಗುತ್ತದೆ. ಅದು ಮುಂದಿನ ಸಂಚಿಕೆಗೆ.